ಗಾಜು ಒಡೆಯಬಾರದು

ಆ ಮನೆಯಲ್ಲಿ ಏನಾದರೂ ಒಡೆದ ಸದ್ದಾದರೆ ಅತ್ತೆ ಕೂತಲ್ಲಿಂದಲೇ ಕೇಳುತ್ತಿದ್ದದ್ದು ಒಂದೇ ಮಾತು: "ಒಡೀತೋ, ಒಡೆದ್ಯೋ?" ತಾನಾಗಿ ಒಡೆದಿದ್ದರೆ ಪೊರಕೆ ಸಾಕು, ಯಾರಾದರೂ ಒಡೆದಿದ್ದರೆ ಪೊರಕೆಯ ಜೊತೆಗೆ ಬೈಗುಳವೂ ಬೇಕು ಎಂಬುದು ಅವರ ಕ್ರಮ. ಮೊಮ್ಮಗಳು ಪುಟ್ಟಿಯ ಬಾಯಲ್ಲಿ ಉತ್ತರ ಯಾವಾಗಲೂ ಸಿದ್ಧವಾಗಿರುತ್ತಿತ್ತು. "ನಾನು ಒಡೆದಿಲ್ಲ ಅಜ್ಜಿ, ಅದೇ ಒಡೀತು." ಅವಳ ಮಾತು ನಂಬಿದರೆ ಆ ಮನೆಯ ಲೋಟ, ತಟ್ಟೆ, ಸೀಸೆಗಳೆಲ್ಲ ತಮ್ಮಷ್ಟಕ್ಕೆ ತಾವೇ ಪ್ರಾಣ ಬಿಡುವ ಜಾತಿಯವು ಎಂದುಕೊಳ್ಳಬೇಕಿತ್ತು.

ಗಾಜಿನಿಂದಲೇ ಅನ್ನ ಹುಟ್ಟುತ್ತಿದ್ದ ಸಂಸಾರ ಅದು. ಬೀದಿಗೆ ಬಾಯಿ ತೆರೆದ ಮುಂದಿನ ಕೋಣೆಯಲ್ಲಿ ಮಾವನ ಫೋಟೋ ಕಟ್ಟಿನ ಅಂಗಡಿ. ಮದುವೆಯ ಜೋಡಿಗಳು, ಶಾಲೆಯ ಗುಂಪುಗಳು, ತೀರಿಕೊಂಡ ಹಿರಿಯರು, ಎಲ್ಲರೂ ಅಲ್ಲಿಗೆ ಬಂದು ಕಟ್ಟು ಹಾಕಿಸಿಕೊಂಡು ಹೋಗುತ್ತಿದ್ದರು. ಅಂಗಡಿಯ ಹಿಂದೆ ನಡುಮನೆ, ಅದರ ಪಕ್ಕಕ್ಕೆ ಅಡುಗೆಮನೆ, ಕೊನೆಗೆ ಹಿಂದಿನ ಕೋಣೆ. ಹಿತ್ತಿಲಲ್ಲಿ ಬಾವಿ. ಹಿಂದಿನ ಕೋಣೆಯಲ್ಲಿ ಕಿರಿಯ ಮಗ, ಕಿರಿಸೊಸೆ ಮತ್ತು ಅವರ ಎಳೆಗೂಸು. ನಡುಮನೆಯ ಒಂದು ಬದಿಗೆ ಮಾವ, ಅತ್ತೆ. ಇನ್ನೊಂದು ಬದಿಗೆ ಹಿರಿಸೊಸೆ ಮತ್ತು ಅವಳ ಮಗಳು ಪುಟ್ಟಿ. ಹಿರಿಸೊಸೆಯ ಗಂಡ ಅದೇ ನಡುಮನೆಯ ಗೋಡೆಯ ಮೇಲೆ ಇದ್ದ, ಅಪ್ಪನೇ ಹಾಕಿದ ಕಟ್ಟಿನೊಳಗೆ. ಅವನು ತೀರಿಕೊಂಡ ಮೇಲೆ ಅವಳು ತವರಿಗೆ ಹೋಗಲಿಲ್ಲ. ತವರಿನಲ್ಲಿ ಬಾಗಿಲು ತೆಗೆಯುವವರು ಯಾರೂ ಉಳಿದಿರಲಿಲ್ಲ. ಅಡುಗೆ, ನೀರು, ಕಸ, ಎಲ್ಲರ ಬಟ್ಟೆ ಅವಳ ಪಾಲಿಗೆ ಬಂದವು. ಕೊಡು ಎಂದು ಅವಳೂ ಕೇಳಿರಲಿಲ್ಲ, ತಗೋ ಎಂದು ಯಾರೂ ಹೇಳಿರಲಿಲ್ಲ.

ಬೀದಿಯ ಅಡಿಯಲ್ಲಿ ರೈಲಿಗೆ ಸುರಂಗ ಕೊರೆಯುತ್ತಾರಂತೆ ಎಂಬ ಸುದ್ದಿ ಮೊದಲು ಬಂತು. ಅದರ ಹಿಂದೆಯೇ ಅಳತೆಯವಳು ಬಂದಳು. ತಲೆಗೆ ಹಳದಿ ಟೋಪಿ, ಕೈಯಲ್ಲಿ ಚಕ್ರಕ್ಕೆ ಸುತ್ತಿದ ಉದ್ದನೆಯ ಟೇಪು, ಇನ್ನೂ ಮದುವೆಯಾಗದ ಹುಡುಗಿಯ ಚುರುಕು. ಬಾವಿಗೆ ಟೇಪು ಇಳಿಬಿಟ್ಟಳು. ತುದಿ ನೀರಿಗೆ ತಾಕಿದ ಕೂಡಲೇ ಅದು ಕುಂಯ್ ಎಂದಿತು.

"ಇನ್ನೊಂದ್ಸಲ ಅದನ್ನ ಅಳಿಸಿ ಅಕ್ಕಾ," ಎಂದು ಪುಟ್ಟಿ ದುಂಬಾಲು ಬಿದ್ದಳು.

ಅಳತೆಯವಳು ನಗುತ್ತಾ ಇನ್ನೊಮ್ಮೆ ಅಳಿಸಿದಳು. ಆಮೇಲೆ ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದಳು: "ಈ ಮನೆ ಕೆಳಗೆ ಮೆತ್ತನೆ ಜೇಡಿಮಣ್ಣಿದೆ. ಅದರ ಹೊಟ್ಟೆ ತುಂಬ ನೀರು. ಸುರಂಗ ಕೊರೆಯುವಾಗ ಆ ನೀರು ಸುರಂಗದೊಳಗೆ ಸೋರುತ್ತೆ, ಅದನ್ನ ಪಂಪಲ್ಲಿ ಎತ್ತಿ ಹೊರಗೆ ಹಾಕ್ತಾರೆ. ನೀರು ಕಳಕೊಂಡ ಮಣ್ಣು ಕುಗ್ಗುತ್ತೆ. ಮಣ್ಣು ಕುಗ್ಗಿದರೆ ಮೇಲಿರೋ ಮನೆ ಕೂರುತ್ತೆ."

"ಕೂರಲಿ ಬಿಡಮ್ಮ," ಎಂದರು ಮಾವ. "ನಾನೂ ದಿನವಿಡೀ ಕೂತೇ ಇರ್ತೀನಿ."

"ಇಡೀ ಮನೆ ಒಂದೇ ಸಮ ಕೂತರೆ ಚಿಂತೆಯಿಲ್ಲ ತಾತ. ಒಂದು ಕಡೆ ಕೂತು ಇನ್ನೊಂದು ಕಡೆ ನಿಂತೇ ಇದ್ದರೆ ಗೋಡೆ ಬಿರಿಯುತ್ತೆ."

ಹಿಂದಿನ ಕೋಣೆಯ ಗೋಡೆಯಲ್ಲಿ ಮೊದಲಿನಿಂದಲೂ ಕೂದಲೆಳೆಯಂಥ ಒಂದು ಬಿರುಕಿತ್ತು. ಅಳತೆಯವಳು ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಆ ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ ಕೂರಿಸಿದಳು. ಮೆತ್ತಿದ ರೀತಿ ನೋಡಿ ಮಾವನಿಗೆ ಮುಖ ಕಿವಿಚುವಂತಾಯಿತು. ಎಮ್ಮೆ ಕಟ್ಟುವ ಗೋಡೆಗೆ ಸಗಣಿ ತಟ್ಟಿದ ಹಾಗಿತ್ತು. ಗಾಜಿನ ಮೇಲೆ ಅವಳು ಕಪ್ಪು ಮಸಿಯಲ್ಲಿ ತಾರೀಕು ಬರೆದು ರುಜು ಹಾಕಿದಳು.

"ಬೀದೀಲಿ ದುರ್ಬೀನು ಇಟ್ಟರೆ ನನಗೆ ಮುಂದಿನ ಗೋಡೆ ಮಾತ್ರ ಕಾಣೋದು. ಹಿಂದಿನ ಕೋಣೆಗೆ ಈ ಗಾಜೇ ನನ್ನ ಕಣ್ಣು. ವಾರ ವಾರ ಬಂದು ನೋಡ್ತೀನಿ." ಹೊರಟವಳು ಹೊಸಿಲಿನ ಹತ್ತಿರ ತಿರುಗಿ ನಿಂತಳು. "ಈ ಗಾಜು ಮಾತ್ರ ಒಡೆಯಬಾರದು ನೋಡಿ. ಒಡೆದರೆ ಕೆಲಸವೆಲ್ಲ ನಿಂತುಹೋಗುತ್ತೆ."

"ನಾವು ಗಾಜಿನೋರೇ ಕಣಮ್ಮ. ನಮಗೆ ಹೇಳಬೇಕೆ?" ಎಂದರು ಮಾವ.

ಅವಳು ಬೀದಿ ದಾಟುವುದನ್ನೇ ಕಾದಿದ್ದ ಅತ್ತೆ ಮನೆಮಂದಿಯ ಕಡೆ ತಿರುಗಿದರು. "ಕೇಳಿಸಿಕೊಂಡ್ರಾ? ಅಷ್ಟು ದೊಡ್ಡ ರೈಲಿನ ಕೆಲಸ ನಮ್ಮಿಂದ ನಿಂತರೆ ಗ್ರಹಚಾರ ಬಿಡಿಸ್ತಾರೆ. ಪುಟ್ಟೀ, ಆ ಕೋಣೆ ಹತ್ರ ಚೆಂಡು ತಂದೆಯೋ, ನಿನ್ನ ಕೈ ಮುರಿದು ಒಲೆಗೆ ಇಡ್ತೀನಿ."

ಸುರಂಗದ ಯಂತ್ರ ಕಣ್ಣಿಗೆ ಕಾಣುವಂಥದ್ದಲ್ಲ. ಪಾತ್ರೆ ಜೋಡಿಸಿದ ಹಲಗೆ ಮಧ್ಯಾಹ್ನದ ಹೊತ್ತು ಸಣ್ಣಗೆ ಗುಯ್‌ಗುಡುತ್ತಿತ್ತು, ಅಷ್ಟೇ. ಆದರೆ ಬಾವಿ ಬೇಗ ಮಾತಾಡಿತು. ಹಿರಿಸೊಸೆ ಹಗ್ಗಕ್ಕೆ ಹಗ್ಗ ಗಂಟು ಹಾಕಿದಳು. ಕೆಲವು ದಿನ ಕಳೆದು ಆ ಗಂಟೂ ನೀರಿನ ಕಡೆ ಇಳಿಯಿತು. ಮೇಲೆ ಬಂದ ಕೊಡದಲ್ಲಿ ಅರ್ಧ ನೀರು, ಅರ್ಧ ಕೆಸರು. ಅನ್ನ ಕೆಂಪಗೆ ಬೆಂದಿತು. ಬೀದಿಯ ತುದಿಗೆ ನೀರಿನ ಲಾರಿ ಬರತೊಡಗಿದ ಮೇಲೆ ಸೊಸೆಯಂದಿರಿಬ್ಬರೂ ಸರದಿಯಲ್ಲಿ ಕೊಡ ಹಿಡಿದು ನಿಲ್ಲುವಂತಾಯಿತು.

"ಅಕ್ಕಾ, ಇವತ್ತು ನೀವೇ ಹೋಗ್ತೀರಾ? ಕೂಸು ಬಿಡ್ತಿಲ್ಲ," ಎನ್ನುತ್ತಿದ್ದಳು ಕಿರಿಸೊಸೆ.

"ನಿನ್ನೆ ಬೆನ್ನು ನೋವು, ಮೊನ್ನೆ ತಲೆನೋವು, ಇವತ್ತು ಕೂಸು. ನಾಳೆಗೂ ಒಂದು ಹುಡುಕಿಟ್ಟಿರು," ಎನ್ನುತ್ತಲೇ ಹಿರಿಸೊಸೆ ಕೊಡ ಎತ್ತಿಕೊಳ್ಳುತ್ತಿದ್ದಳು.

ಮೂಲೆಮನೆಯ ದರ್ಜಿಯ ಸಂಸಾರ ಒಂದು ಮಧ್ಯಾಹ್ನ ಬೀದಿಗೆ ಬಂತು. ಅವರ ಗೋಡೆ ಬಿರಿಯಿತಂತೆ, ಟೋಪಿಯವರು ಬಂದು ಸಂಜೆಯೊಳಗೆ ಖಾಲಿ ಮಾಡಿಸಿದರಂತೆ. ಹೊಲಿಗೆ ಯಂತ್ರವನ್ನು ಕೈಗಾಡಿಯ ಮೇಲೆ ಮಲಗಿಸಿ ದರ್ಜಿ ಒಂದು ದಿಕ್ಕಿಗೆ ಹೋದ. ಅವನ ತಾಯಿ ಮಗಳ ಮನೆಗೆ ಇನ್ನೊಂದು ದಿಕ್ಕಿಗೆ ಹೋದಳು. ಹಿರಿಸೊಸೆ ನೀರಿನ ಸಾಲಿನಲ್ಲಿ ನಿಂತೇ ಅದನ್ನೆಲ್ಲ ನೋಡಿದಳು.

ಅಂದು ಎಲ್ಲರೂ ಊಟಕ್ಕೆ ಕೂತಾಗ ಮೈದುನ ಮಾತು ತೆಗೆದ. ಅವನು ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಇಳಿಸಿ ಜೋಡಿಸುವ ಕೆಲಸದವನು. ಮಾತನ್ನೂ ಹಾಗೇ ಒಂದರ ಮೇಲೊಂದು ಇಟ್ಟು ಹೇಳುತ್ತಿದ್ದ.

"ಗೋದಾಮಿನ ಹತ್ರ ಎರಡು ರೂಮು ನೋಡಿದೀನಿ. ಮನೆಯೊಳಗೇ ನಲ್ಲಿ ಇದೆ. ದರ್ಜಿ ಥರ ಎದ್ದುಬಿದ್ದು ಓಡೋ ಬದಲು ನಾವಾಗೇ ಹೊರಟರೆ ಮರ್ಯಾದೆ."

"ಯಾರ್‍ಯಾರು ಹೊರಡೋದು?" ಮಾವ ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

"ನಾವು ಮೂರು ಜನ, ನೀವಿಬ್ಬರು."

ಪುಟ್ಟಿ ಬೆರಳು ಮಡಿಚಿ "ಐದು" ಎಂದಳು. ಬೇಳೆ ಬಡಿಸುತ್ತಿದ್ದ ಹಿರಿಸೊಸೆಯ ಸೌಟು ತಟ್ಟೆಯ ಮೇಲೆ ಹಾಗೇ ನಿಂತಿತು.

"ಎರಡು ರೂಮಲ್ಲಿ ಎಷ್ಟು ಜನ ಹಿಡೀತಾರೆ, ನೀನೇ ಹೇಳಮ್ಮ," ಮೈದುನ ತಾಯಿಯ ಕಡೆ ತಿರುಗಿದ. "ಅತ್ತಿಗೆ ವಿಷಯ ಆಮೇಲೆ ನೋಡೋಣ."

"ಆಮೇಲೆ ಅಂದ್ರೆ ಯಾವಾಗ?" ಎಂದರು ಮಾವ.

"ಆಮೇಲೆ ಅಂದ್ರೆ ಆಮೇಲೆ ಅಪ್ಪ."

"ನಿಮ್ಮಣ್ಣ ಗೋಡೆ ಮೇಲಿಂದ ನೋಡ್ತಿದಾನೆ. ಅವನೆದುರಿಗೇ ಎಣಿಸಿದೆಯಲ್ಲೋ. ಈ ಮನೆ ಒಡೆಯಬಾರದು ಅಂತ ನಾನು ಪಡ್ತಿರೋ ಪಾಡು ನಿನಗೇನು ಗೊತ್ತು."

"ಮನೆ ತಾನಾಗೇ ಬಿರೀತಿದೆ. ನಾನೇನು ಒಡೀತಿಲ್ಲ."

"ಊಟ ಮಾಡ್ರೋ," ಎಂದರು ಅತ್ತೆ. "ಅನ್ನ ಆರುತ್ತೆ."

ಹಿರಿಸೊಸೆ ಸೌಟನ್ನು ಬಗ್ಗಿಸಿದಳು. ಮೈದುನನ ತಟ್ಟೆಗೆ ಎಂದಿನಷ್ಟೇ ಬಡಿಸಿದಳು.

ಆ ವಾರ ಹಿಂದಿನ ಕೋಣೆ ಗುಡಿಸುವಾಗ ಕಸದಲ್ಲಿ ಒಂದು ಗಾಜಿನ ಚೂರು ಮಿನುಗಿತು. ಸೂಜಿಯಷ್ಟಿತ್ತು. ಕೂಸು ಅಂಬೆಗಾಲಿಡುವ ಜಾಗ. ಕಿರಿಸೊಸೆ ಹೌಹಾರಿದಳು, ಅತ್ತೆ ಕೂತಲ್ಲಿಂದಲೇ ಕೇಳಿದರು.

"ಪುಟ್ಟೀ, ಒಡೀತೋ, ಒಡೆದ್ಯೋ?"

"ಯಾವುದಜ್ಜಿ?"

"ಅದನ್ನೇ ನಾನು ಕೇಳ್ತಿರೋದು."

ಮನೆಯನ್ನೆಲ್ಲ ಜಾಲಾಡಿದರು. ಲೋಟಗಳು ಸರಿಯಿದ್ದವು, ಕನ್ನಡಿ ಸರಿಯಿತ್ತು, ಕೂಸಿನ ಹಾಲಿನ ಸೀಸೆಯೂ ಸರಿಯಿತ್ತು. ಒಡೆದ ವಸ್ತುವೇ ಇಲ್ಲದೆ ಚೂರು ಮಾತ್ರ ಇತ್ತು. ಪುಟ್ಟಿಗೆ ಇದೊಂದು ಹೊಸ ಅನುಭವ. ಗೆದ್ದವಳಂತೆ ಸೊಂಟಕ್ಕೆ ಕೈಯಿಟ್ಟು ನಿಂತಳು.

ಎಲ್ಲರೂ ಹೋದ ಮೇಲೆ ಹಿರಿಸೊಸೆ ಗೋಡೆಯ ಪಟ್ಟಿಯ ಹತ್ತಿರ ಹೋದಳು. ಗಾಜು ಇಡಿಯಾಗಿತ್ತು. ಮೇಲೆ ತಾರೀಕಿತ್ತು, ರುಜು ಇತ್ತು. ತುದಿಯ ಗಾರೆ ಮಾತ್ರ ನಯವಾಗಿ, ಅಂಚು ಒರೆಸಿ, ಚೌಕಾಕಾರಕ್ಕೆ ತಂದು ನಿಲ್ಲಿಸಿದ ಹಾಗಿತ್ತು. ಅಳತೆಯವಳ ಕೈಗೆ ಅಂಥ ಅಚ್ಚುಕಟ್ಟು ಏಳು ಜನ್ಮಕ್ಕೂ ಬರುವುದಿಲ್ಲ. ಬಿರುಕಿನ ಉದ್ದಕ್ಕೂ ಹೊಸ ಸುಣ್ಣದ ವಾಸನೆ ಇತ್ತು. ಉಗುರಿನಿಂದ ಕೆರೆದಳು. ಒಳಗೆ ಲಪ್ಪ ಸಿಕ್ಕಿತು, ಕಟ್ಟಿನ ಮರದ ಸಂದಿ ಮುಚ್ಚಲು ಮಾವ ಒತ್ತುವ ಲಪ್ಪ.

ಅತ್ತೆ ಮಧ್ಯಾಹ್ನದ ನಿದ್ದೆಗೆ ಹೊರಳಿದ ಹೊತ್ತಿಗೆ ಅವಳು ಅಂಗಡಿಗೆ ಹೋದಳು.

"ಮಾವ, ಹಿಂದಿನ ಕೋಣೆ ಗಾಜು ನೀವು ಬದಲಾಯಿಸಿದ್ರಾ?"

ಮಾವ ಗಾಜಿನ ಹಾಳೆಯ ಮೇಲೆ ಕೊಯ್ಯಲೆಂದು ಗೀರುಳಿ ಎಳೆಯುತ್ತಿದ್ದರು. ಗೀಟು ಪೂರ್ತಿಯಾಗುವ ತನಕ ಕೈ ನಿಲ್ಲಿಸಲಿಲ್ಲ. "ನಡುಬಾಗಿಲು ಎಳಕೊಳಮ್ಮ," ಎಂದರು.

ಅವಳು ಬಾಗಿಲು ಎಳೆದುಕೊಂಡಳು.

"ಮೊದಲನೇದು ಪುಟ್ಟಿ ಒಡೆದಳು ಅಂದುಕೊಂಡೆ. ಹೆದರಿ ಹೇಳ್ತಿಲ್ಲ, ಕೇಳಿ ಯಾಕೆ ಅಳಿಸೋದು ಅಂತ ಇನ್ನೊಂದು ಕತ್ತರಿಸಿ ಹಚ್ಚಿದೆ. ಗಾಜಿಗೇನು ಬರವಾ ನಮಗೆ. ಆ ಹುಡುಗಿ ರುಜು ಏನು ಮಹಾ, ಕೋಳಿ ಕೆದಕಿದ ಹಾಗಿದೆ."

"ಆಮೇಲೆ?"

"ಎರಡನೇದೂ ಒಡೀತು. ಆವಾಗ ಪುಟ್ಟಿ ಸ್ಕೂಲಲ್ಲಿದ್ದಳು."

ಅವರು ಮೇಜಿನ ಕೆಳಗಿನಿಂದ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ಎಳೆದರು. ಒಳಗೆ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ, ನಡುವೆ ಮುರಿದ ಪಟ್ಟಿಗಳು. ಪ್ರತಿಯೊಂದರ ಮೇಲೂ ಕಪ್ಪು ಮಸಿ. ಜೀವಮಾನದಲ್ಲಿ ಒಂದು ಚೂರು ಗಾಜನ್ನೂ ಎಸೆದು ಗೊತ್ತಿಲ್ಲದ ಮನುಷ್ಯ.

"ಗೋಡೆ ಸರೀತಿದೆ ಮಾವ. ಹೇಳಬೇಕಲ್ವಾ?"

"ಹೇಳು. ದರ್ಜಿ ಮನೆಗೆ ಬಂದ ಹಾಗೆ ಬರ್ತಾರೆ, ಸಂಜೆಗೆ ಬೀಗ ಜಡೀತಾರೆ. ಇವನು ಎರಡು ರೂಮಿಗೆ ಹೋಗ್ತಾನೆ. ನಮ್ಮನ್ನೂ ಕರ್ಕೋತಾನೆ, ಇಲ್ಲ ಅನ್ನಲ್ಲ." ಮಾವ ಮೊದಲ ಬಾರಿಗೆ ತಲೆಯೆತ್ತಿದರು. "ನಿನ್ನ ಯಾರಮ್ಮ ಕರ್ಕೊಂಡು ಹೋಗೋದು?"

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಹಿರಿಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮಳೆ ಬರಲಿ," ಎಂದರು ಮಾವ. "ಬಾವಿ ತುಂಬುತ್ತೆ. ಒಣಗಿದ ಮಣ್ಣು ನೀರು ಕುಡಿದು ಮತ್ತೆ ಉಬ್ಬುತ್ತೆ. ಅಲ್ಲೀತನಕ ಒಂದು ಪಟ್ಟಿ ಗಾಜು, ಅಷ್ಟೇ ತಾನೆ?"

ಮುಂದಿನ ಪಟ್ಟಿಗೆ ಗಾರೆ ಕಲಸಿಕೊಟ್ಟವಳು ಅವಳೇ. ಹಾಲಿನ ಪುಡಿ ಡಬ್ಬಿಯ ಮುಚ್ಚಳದಲ್ಲಿ, ಹಿಟ್ಟಿನ ಹದಕ್ಕೆ, ಗಂಟಿಲ್ಲದ ಹಾಗೆ.

ಅಳತೆಯವಳು ಬಂದಾಗ ಬಾವಿಗಿಳಿದ ಟೇಪು ಕುಂಯ್ ಎನ್ನಲೇ ಇಲ್ಲ. ತುದಿಗೆ ಕೆಸರು ಮೆತ್ತಿಕೊಂಡು ಮೇಲೆ ಬಂತು.

"ಇವತ್ತು ಅಳ್ತಾನೇ ಇಲ್ಲ," ಎಂದಳು ಪುಟ್ಟಿ.

ಅಳತೆಯವಳು ಕೆಸರು ಒರೆಸಿದಳು. ಹಿಂದಿನ ಕೋಣೆಗೆ ಹೋಗಿ ಗಾಜನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ ಉಸಿರು ಬಿಟ್ಟಳು. "ಇದನ್ನ ನೋಡಿದರೆ ಹೋದ ಜೀವ ಬಂದ ಹಾಗಾಗುತ್ತೆ ನನಗೆ."

"ನಮ್ಮೂರಲ್ಲಿ ಕೆರೆ ಬತ್ತಿದರೆ ಅಂಗಳ ಬಿರುಕು ಬಿಡೋದು. ಎಮ್ಮೆ ಕಾಲು ಸಿಕ್ಕಿಹಾಕ್ಕೊಳ್ಳೋವಷ್ಟು," ಎಂದರು ಅತ್ತೆ, ಟೀ ಕೊಡುತ್ತಾ. "ಇಲ್ಲಿ ಹಾಗೇನೂ ಆಗಿಲ್ಲವಲ್ಲ?"

"ಗಾಜು ನೋಡಿದರೆ ಏನೂ ಆಗಿಲ್ಲ ಅಜ್ಜಿ."

ಹಿರಿಸೊಸೆ ಖಾಲಿ ಲೋಟಕ್ಕೆ ಕೈ ಚಾಚಿದಳು. ಅವಳ ಉಗುರಿನ ಸಂದಿಯಲ್ಲಿ ಗಾರೆ ಇನ್ನೂ ಬೆಳ್ಳಗೆ ಕೂತಿತ್ತು. ಬೆರಳು ಮಡಿಚಿಕೊಂಡಳು.

ಮೋಡ ಬಂದವು, ಮಳೆ ಬರಲಿಲ್ಲ. ಹಿಂದಿನ ಕೋಣೆಯ ಬಾಗಿಲು ಚೌ‌ಕಟ್ಟಿಗೆ ಹಿಡಿದುಕೊಳ್ಳತೊಡಗಿತು. ಮೈದುನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಭುಜಕೊಟ್ಟು ನೂಕಿ ತೆರೆಯುತ್ತಿದ್ದ, ನೂಕುವಾಗಲೆಲ್ಲ "ಎರಡು ರೂಮಿಗೆ ಇನ್ನೊಬ್ಬರು ಕೇಳ್ತಿದಾರಂತೆ" ಎಂದು ತಾಯಿಗೆ ಕೇಳುವಂತೆ ಹೇಳುತ್ತಿದ್ದ. ಕೂಸಿನ ಹಾಲಿನ ಸೀಸೆ ಎಲ್ಲಿ ಬಿದ್ದರೂ ಉರುಳಿ ಉರುಳಿ ಬಾವಿಯ ಕಡೆಯ ಮೂಲೆಗೇ ಹೋಗಿ ನಿಲ್ಲುತ್ತಿತ್ತು. ಪುಟ್ಟಿ ಅದನ್ನೊಂದು ಆಟ ಮಾಡಿಕೊಂಡಿದ್ದಳು.

"ಅಕ್ಕಾ," ಎಂದಳು ಒಂದು ದಿನ ಕಿರಿಸೊಸೆ, ಬಟ್ಟೆ ಹಿಂಡುತ್ತಾ. ಅವಳ ದನಿಯಲ್ಲಿ ಎಂದಿನ ರಾಗವಿರಲಿಲ್ಲ. "ನಮ್ಮ ಕೋಣೆ ಗೋಡೆ ವಾಲಿದ ಹಾಗೆ ನಿಮಗೆ ಕಾಣಲ್ವಾ? ಕೂಸನ್ನ ಅಲ್ಲಿ ಮಲಗಿಸೋಕೆ ಭಯ ಆಗುತ್ತೆ. ಇವರಿಗೆ ಹೇಳಿದರೆ ನಾಳೆನೇ ಗಂಟುಮೂಟೆ ಕಟ್ಟು ಅಂತಾರೆ. ನಿಮ್ಮನ್ನ ಬಿಟ್ಟು ಹೋಗೋಕೆ ನನಗೂ ಮನಸ್ಸಿಲ್ಲ."

"ಗಾಜು ಚೆನ್ನಾಗಿದೆಯಲ್ಲ," ಎಂದಳು ಹಿರಿಸೊಸೆ.

"ಹೌದಲ್ಲ," ಎಂದಳು ಕಿರಿಸೊಸೆ. ಅವಳ ಮುಖ ಹಗುರಾಯಿತು. ಹಿರಿಸೊಸೆ ಹಿಂಡಿದ ಬಟ್ಟೆಯನ್ನೇ ಇನ್ನೊಮ್ಮೆ ಹಿಂಡಿದಳು.

ನಡುಮನೆಯ ಗೋಡೆಯಲ್ಲಿದ್ದ ಗಂಡನ ಫೋಟೋ ಆ ದಿನಗಳಲ್ಲಿ ಸೊಟ್ಟಗೆ ನಿಲ್ಲುವ ಚಾಳಿ ಹಿಡಿಯಿತು. ಬೆಳಿಗ್ಗೆ ಎದ್ದು ಹಿಂದಿನ ಕೋಣೆಯ ಬಾಗಿಲ ಚೌಕಟ್ಟಿಗೆ ಸರಿಯಾಗಿ ಅವಳು ಅದನ್ನು ನೆಟ್ಟಗೆ ಮಾಡುವುದು, ಮಧ್ಯಾಹ್ನದೊಳಗೆ ಅದು ಮತ್ತೆ ಜಾರಿ ಸೊಟ್ಟಗಾಗುವುದು. "ಬದುಕಿದ್ದಾಗಲೂ ಹೀಗೇ, ಹೇಳಿದ ಮಾತು ಕೇಳ್ತಿರಲಿಲ್ಲ," ಎಂದು ಗೊಣಗಿದಳು. ಟೀ ಕುಡಿಯಲು ಒಳಗೆ ಬಂದ ಮಾವ ಅದನ್ನು ನೋಡಿ, "ಅದನ್ನ ಮುಟ್ಟಬೇಡಮ್ಮ," ಎಂದರು.

"ಸೊಟ್ಟ ಇದೆಯಲ್ಲ ಮಾವ."

"ಒಂದೇ ದಾರದಲ್ಲಿ ನೇತುಬಿಟ್ಟದ್ದು ಯಾವತ್ತೂ ಸೊಟ್ಟ ನಿಲ್ಲಲ್ಲ." ಮಾವ ಲೋಟವನ್ನು ಅಲ್ಲೇ ಇಟ್ಟು ಅಂಗಡಿಗೆ ಹೊರಟುಹೋದರು. ಟೀ ಅರ್ಧ ಉಳಿದಿತ್ತು.

ಅವಳು ಹಿಂದೆ ಸರಿದು ನಿಂತು ಫೋಟೋ ನೋಡಿದಳು, ಚೌಕಟ್ಟು ನೋಡಿದಳು, ಮತ್ತೆ ಫೋಟೋ ನೋಡಿದಳು. ಇಷ್ಟು ದಿನ ನೆಟ್ಟಗಿದ್ದವನನ್ನೇ ಹಿಡಿದು ವಾಲಿದ ಮನೆಗೆ ಸರಿಯಾಗಿ ಸೊಟ್ಟ ಮಾಡುತ್ತಿದ್ದಳು.

ಅದೇ ವಾರ, ಕಿರಿಸೊಸೆ ಲಾರಿಯ ನೀರಿಗೆ ಹೋಗಿದ್ದ ಹೊತ್ತು. ಹಿರಿಸೊಸೆ ಹಿಂದಿನ ಕೋಣೆಯಲ್ಲಿ ಕೂಸನ್ನು ತಟ್ಟಿ ಮಲಗಿಸುತ್ತಿದ್ದಳು. ಟಿಕ್ ಎಂದಿತು. ಬೆರಳ ಗೆಣ್ಣು ಮುರಿದಷ್ಟು ಸದ್ದು. ಗೋಡೆಯ ಪಟ್ಟಿ ನಡುವೆ ಸೀಳಿ, ಒಂದು ತುಂಡು ಜಾರಿ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಮೇಲಿನಿಂದ ಹಿಟ್ಟು ಜರಡಿ ಹಿಡಿದಂತೆ ಗಾರೆಯ ಪುಡಿ ಉದುರಿತು. ಕೂಸಿನ ತಲೆಯ ಮೇಲೆ ಬಿಳಿಯದೊಂದು ಪೊರೆ ಕೂತಿತು. ಕೂಸು ಕಣ್ಣು ಪಿಳುಕಿಸಿ ನಕ್ಕಿತು.

ನಡುಮನೆಯಿಂದ ಅತ್ತೆಯ ದನಿ: "ಒಡೀತೋ, ಒಡೆದ್ಯೋ?"

ಹಿರಿಸೊಸೆ ಕೂಸನ್ನು ಸೊಂಟಕ್ಕೆ ಹಾಕಿಕೊಂಡಳು, ಬಿದ್ದ ತುಂಡನ್ನು ಎತ್ತಿಕೊಂಡಳು. "ಪುಟ್ಟೀ, ಅಜ್ಜಿನ ಕೈ ಹಿಡಿದು ಬೀದಿಗೆ ಕರ್ಕೊಂಡು ಹೋಗು. ಚಿಕ್ಕಮ್ಮ ಬಂದರೆ ಒಳಗೆ ಬಿಡಬೇಡ." ಅಂಗಡಿಗೆ ಬಂದು ಮೇಜಿನ ಕೆಳಗೆ ಬಗ್ಗಿ ಬಿಸ್ಕತ್ತಿನ ಡಬ್ಬಿ ತೆಗೆದಳು.

"ಎಲ್ಲಿಗಮ್ಮ?" ಎಂದರು ಮಾವ.

"ಹೇಳೋಕೆ ಹೋಗ್ತಿದೀನಿ."

"ಪುಟ್ಟಿ ಗತಿ?"

ಅವಳು ಕೂಸಿನ ತಲೆಯನ್ನು ಅವರ ಕಡೆ ತಿರುಗಿಸಿ ಹಿಡಿದಳು. ಮಾವ ಆ ಬಿಳಿ ಪುಡಿಯನ್ನು ನೋಡಿದರು. ದಾರಿಗೆ ಅಡ್ಡ ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

ಬೀದಿಯ ತಲೆಯಲ್ಲಿ ಸುರಂಗದವರ ತಗಡಿನ ಶೆಡ್ಡು. ಅಳತೆಯವಳು ಡಬ್ಬಿ ತೆರೆದು ಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ತನ್ನ ರುಜುವನ್ನು ತಾನೇ ಗುರುತಿಸದವಳಂತೆ ಒಂದನ್ನು ಬೆಳಕಿಗೆ ಹಿಡಿದಳು.

"ಯಾರು ಬದಲಾಯಿಸಿದ್ದು?"

"ನೀವೇ ಹೇಳಿದ್ರಲ್ಲ ಮೇಡಂ, ಗಾಜು ಒಡೆಯಬಾರದು ಅಂತ."

"ಒಡೆಯಬಾರದು ಅಂದ್ರೆ..." ಅಳತೆಯವಳ ಮಾತು ತಡವರಿಸಿತು. "ಒಡೆಯದೇ ಇರಲಿ ದೇವರೇ ಅಂತ ಹೇಳಿದ್ದು ನಾನು. ಇದು ಒಡೆಯೋಕೇ ಇರೋ ಗಾಜು. ಗೋಡೆ ಸರಿದರೆ ಒಡೆದು ನನಗೆ ಹೇಳಲಿ ಅಂತಾನೇ ಹಚ್ಚೋದು."

"ಒಡೆದರೆ ಕೆಲಸ ನಿಂತುಹೋಗುತ್ತೆ ಅಂದ್ರಿ."

"ನಿಲ್ಲಬೇಕಿತ್ತು. ಒಂದು ಒಡೆದದ್ದು ತೋರಿಸಿದ್ದರೂ ಅವತ್ತೇ ನಿಲ್ಲಿಸ್ತಿದ್ದೆ." ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಒಳಗಿನ ಕೂದಲು ಬೆವರಿಗೆ ಅಂಟಿಕೊಂಡಿತ್ತು. "ದರ್ಜಿ ಮನೆಯವರು ಬರೋ ವಾರ ವಾಪಸ್ ಬರ್ತಿದಾರೆ. ಅವರ ಗಾಜು ಒಡೆದ ದಿನವೇ ಪಂಪ್ ನಿಲ್ಲಿಸಿ, ಸುರಂಗದೊಳಗಿಂದ ಸಿಮೆಂಟು ತುಂಬಿಸಿ ಸೋರಿಕೆ ಕಟ್ಟಿದ್ವಿ. ಆ ಮನೆ ನಿಂತಿತು. ನಿಮ್ಮ ಬಾವಿ ಬತ್ತಿದೆ ಅಂತ ಮೇಲಿನವರಿಗೆ ಹೇಳಿದಾಗಲೆಲ್ಲ ಮನೆಗೇನಾದರೂ ಆಗಿದೆಯಾ ಅಂತ ಕೇಳೋರು. ಗಾಜು ಸರಿಯಿದೆ ಅಂತ ವಾರ ವಾರ ಬರೆದು ಕಳಿಸಿದವಳು ನಾನೇ."

"ಈಗ ಸೋರಿಕೆ ಕಟ್ಟಿಸಿದರೆ?"

ಅಳತೆಯವಳು ಕೂಸಿನ ತಲೆಯ ಮೇಲಿನ ಪುಡಿಯನ್ನು ಬೆರಳಿನಿಂದ ತೆಗೆದಳು. "ಈಗ ಈ ಕೂಸನ್ನ ಮಾತ್ರ ಮತ್ತೆ ಒಳಗೆ ಕರ್ಕೊಂಡು ಹೋಗಬೇಡಿ," ಎಂದಳು.

ಟೋಪಿಯವರು ಬಂದರು. ಹಿಂದಿನ ಕೋಣೆಗೆ ಮನೆಯವರನ್ನು ಬಿಡಲಿಲ್ಲ. ಇಬ್ಬರು ಕೆಲಸದವರು ಒಳಗೆ ಹೋಗಿ ಹಾಸಿಗೆ, ಪೆಟ್ಟಿಗೆ, ಕೂಸಿನ ಬಟ್ಟೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಸಂಜೆಯ ಹೊತ್ತಿಗೆ ಇಡೀ ಸಂಸಾರ ಬೀದಿಯಲ್ಲಿ ರಾಶಿ ಬಿದ್ದಿತ್ತು. ಮನೆಯೊಳಗೆ ಅಷ್ಟು ವರ್ಷ ದೊಡ್ಡದಾಗಿ ಕಂಡಿದ್ದ ಮಂಚ ಬಯಲಿನಲ್ಲಿ ಎಷ್ಟು ಚಿಕ್ಕದು ಎಂದು ನೋಡಿದವರು ಮಾತಾಡಿಕೊಂಡರು. ಅತ್ತೆ ಪಾತ್ರೆಗಳ ಮಧ್ಯೆ ಕುಕ್ಕರಗಾಲಲ್ಲಿ ಕೂತು ಬೇರೆ ಮಾಡುತ್ತಿದ್ದರು. ದೊಡ್ಡ ಪಾತ್ರೆ ಒಂದು ಕಡೆಗೆ, ಒಂದು ಸಣ್ಣ ಪಾತ್ರೆ, ಎರಡು ತಟ್ಟೆ, ಎರಡು ಲೋಟ ಇನ್ನೊಂದು ಕಡೆಗೆ. ಯಾವುದು ಯಾರಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಮೈದುನ ಸಣ್ಣ ಲಾರಿ ತಂದಿದ್ದ. "ಅಪ್ಪ, ಅಮ್ಮ, ನೀವು ಮುಂದೆ ಕೂತ್ಕೊಳ್ಳಿ." ಅತ್ತಿಗೆಯ ಹತ್ತಿರ ಬಂದು, ಅವಳ ಮುಖ ಬಿಟ್ಟು ಪುಟ್ಟಿಯ ತಲೆ ನೋಡುತ್ತಾ ಹೇಳಿದ: "ಮನೆ ಬಿಟ್ಟೋರಿಗೆ ರೈಲಿನೋರು ಸಭಾಂಗಣದಲ್ಲಿ ಜಾಗ ಕೊಡ್ತಾರಂತೆ ಅತ್ತಿಗೆ. ಸದ್ಯಕ್ಕೆ ಅಲ್ಲಿರಿ. ಆಮೇಲೆ ನೋಡೋಣ."

ಕಿರಿಸೊಸೆ ಕೂಸನ್ನು ಎದೆಗವಚಿಕೊಂಡು ಲಾರಿ ಹತ್ತಿದಳು. ಹತ್ತುವ ತನಕ ಅಳುತ್ತಿದ್ದಳು. ಅಕ್ಕನ ಕಡೆ ಮಾತ್ರ ನೋಡಲಿಲ್ಲ. ಗಾಜು ಚೆನ್ನಾಗಿದೆಯಲ್ಲ ಎಂದ ಮಾತು ಅವಳಿಗೆ ನೆನಪಿತ್ತು.

ಕೊನೆಗೆ ಕೆಲಸದವನೊಬ್ಬ ನಡುಮನೆಯ ಫೋಟೋ ತಂದುಕೊಟ್ಟ. ಗೋಡೆಯಿಂದ ಇಳಿಸುವಾಗಲೋ, ಬಾಗಿಲಿಗೆ ತಗುಲಿಯೋ, ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

ಅತ್ತೆ ತಲೆಯೆತ್ತಿದರು. ಮಗನ ಮುಖದ ಮೇಲಿನ ಆ ಸೀಳನ್ನು ನೋಡಿದರು. ಆಮೇಲೆ ಹಿರಿಸೊಸೆಯನ್ನು ನೋಡಿದರು.

"ಒಡೀತೋ, ಒಡೆದ್ಯೋ?"

ಕೇಳುತ್ತಿರುವುದು ಫೋಟೋದ ವಿಷಯವಲ್ಲ ಎಂದು ಪುಟ್ಟಿಗೂ ತಿಳಿಯಿತು. "ಅಮ್ಮ ಒಡೆದಿಲ್ಲ ಅಜ್ಜಿ," ಎಂದಳು. ಉಳಿದರ್ಧ ಅವಳ ಬಾಯಿಗೆ ಬರಲಿಲ್ಲ.

ಮಾವ ಬಂದು ಫೋಟೋ ಕೈಗೆ ತಗೊಂಡರು. ಬೀದಿಯಲ್ಲೇ ಕೂತು, ಮೊಳೆ ಸರಿಸಿ, ಒಡೆದ ಗಾಜನ್ನು ಒಂದೊಂದೇ ಹೋಳಾಗಿ ಎತ್ತಿ ಪಕ್ಕಕ್ಕೆ ಇಟ್ಟರು.

"ಅವಳು ಒಡೆದಿಲ್ಲ ಕಣೇ," ಎಂದರು ಹೆಂಡತಿಗೆ. "ಸಣ್ಣದಾಗಿ ಒಡೆಯೋಕೆ ಬಂದಿತ್ತು. ನಾನು ಬಿಡಲಿಲ್ಲ. ಅದಕ್ಕೇ ಇಷ್ಟು ದೊಡ್ಡದಾಗಿ ಒಡೀತು."

ಅತ್ತೆ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದರು. ಲಾರಿಯವನು ಹಾರನ್ ಒತ್ತಿದ. ಮೈದುನ ಅಪ್ಪನ ರಟ್ಟೆಗೆ ಕೈಕೊಟ್ಟ. ಮಾವ ಎದ್ದರು, ಗಾಜಿಲ್ಲದ ಫೋಟೋವನ್ನು ಹಿರಿಸೊಸೆಗೆ ಕೊಟ್ಟರು, ಏನೋ ಹೇಳಲು ಬಾಯಿ ತೆರೆದರು. ಮತ್ತೊಮ್ಮೆ ಹಾರನ್ ಆಯಿತು. ಅವರು ಹತ್ತಿದರು. ಇನ್ನೆಲ್ಲಿಗೆ ಹೋಗುತ್ತಿದ್ದರು? ಒಡೆದ ಹೋಳುಗಳು ಬೀದಿಯಲ್ಲೇ ಉಳಿದವು. ಅವರು ಗಾಜು ಬಿಟ್ಟುಹೋದದ್ದು ಅದೇ ಮೊದಲು.

ಸಭಾಂಗಣ ಉದ್ದಕ್ಕಿತ್ತು. ಬೇರೆ ಬೀದಿಗಳಿಂದ ಬಂದ ನಾಲ್ಕಾರು ಸಂಸಾರಗಳು ಗೋಡೆಗೊರಗಿ ತಮ್ಮ ತಮ್ಮ ಗಂಟು ಬಿಚ್ಚಿಕೊಂಡಿದ್ದವು. ಒಬ್ಬ ಮುದುಕಿ ಸ್ಟವ್ ಹಚ್ಚಿ ಯಾರಿಗೋ ಹಾಲು ಕಾಯಿಸುತ್ತಿದ್ದಳು. ಹಿರಿಸೊಸೆಗೆ ಒಂದು ಮೂಲೆ ತೋರಿಸಿದರು. ಗೋಡೆಯಲ್ಲಿ ಹಳೆಯದೊಂದು ಮೊಳೆಯಿತ್ತು. ಅವಳು ಫೋಟೋವನ್ನು ಅದಕ್ಕೆ ನೇತುಹಾಕಿ ಹಿಂದೆ ಸರಿದು ನಿಂತಳು. ಫೋಟೋದ ಅಂಚು ನೋಡಿದಳು, ಪಕ್ಕದ ಕಿಟಕಿಯ ಚೌಕಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು.

"ಸೊಟ್ಟ ಇದೆಯಾ ಅಮ್ಮ?"

"ಅಪ್ಪ ನೆಟ್ಟಗೇ ಇದಾರೆ."

"ಇಲ್ಲಿ ಗೋಡೆಗೆ ಗಾಜು ಹಚ್ಚಿಲ್ಲ, ನೋಡು. ಹಂಗಾದ್ರೆ ಈ ಗೋಡೆ ಒಡೆಯಲ್ಲ, ಅಲ್ವಾ?"

ಹಿರಿಸೊಸೆ ಮೂಲೆಯಲ್ಲಿ ಬಿಚ್ಚಿದ್ದ ಹಾಸಿಗೆಯನ್ನು ಮತ್ತೆ ಸುತ್ತಿ ಎತ್ತಿಕೊಂಡಳು. ಎಲ್ಲ ಗೋಡೆಗಳಿಂದಲೂ ದೂರ, ಜನ ಓಡಾಡುವ ನಟ್ಟನಡುವೆ ಅದನ್ನು ಹಾಸಿ, ಮಗಳನ್ನು ಕರೆದಳು.